ಐವತ್ತರಲ್ಲಿ ಅಕ್ಷರಾಭ್ಯಾಸ

ಚಲನಚಿತ್ರ, ಟೆಲಿವಿಷನ್, ಅಂತರ್ಜಾಲ ಎಂಬ ಮೂರು ಮಹೋದ್ಯಮಗಳಲ್ಲಿ ಯಾವುದಾದರೊಂದರ ಶಿಖರವನ್ನೇರಿದವರು ಅಮೆರಿಕದಲ್ಲಿ ಹಲವರುಂಟು. ಆದರೆ ಒಂದರಲ್ಲಿ ಗಳಿಸಿದ ಪ್ರತಿಷ್ಠೆಯನ್ನು ಹಿಂದೆ ಬಿಟ್ಟು, ಇನ್ನೊಂದರ ಬಾಗಿಲಿನಲ್ಲಿ ಏನೂ ಅರಿಯದ ವಿದ್ಯಾರ್ಥಿಯಂತೆ ನಿಂತು, ಅಲ್ಲಿಯ ವಿದ್ಯೆಯನ್ನು ಮೊದಲಿನಿಂದ ಕಲಿಯುವ ಧೈರ್ಯ ತೋರಿದವರು ಅತಿ ವಿರಳ. ಬ್ಯಾರಿ ಡಿಲ್ಲರ್ ಆ ವಿರಳರಲ್ಲಿ ಅಗ್ರಗಣ್ಯರು. ಅವರ ಸಂಪತ್ತಿಗಿಂತ ಈ ಕಲಿಕೆಯ ಶ್ರದ್ಧೆಯೇ ನನಗೆ ಹೆಚ್ಚು ಆದರಣೀಯವಾಗಿ ತೋರುತ್ತದೆ.

1942ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಹುಟ್ಟಿ, ಬೆವರ್ಲಿ ಹಿಲ್ಸ್‌ನಲ್ಲಿ ಬೆಳೆದ ಡಿಲ್ಲರ್, ವಿಶ್ವವಿದ್ಯಾಲಯದ ವ್ಯಾಸಂಗವನ್ನು ಆರಂಭದಲ್ಲಿಯೇ ತ್ಯಜಿಸಿ, ಕಲಾವಿದರ ಪರವಾಗಿ ಒಪ್ಪಂದಗಳನ್ನು ಕುದುರಿಸುವ ವಿಲಿಯಂ ಮಾರಿಸ್ ಏಜೆನ್ಸಿಯ ಟಪಾಲು ಕೊಠಡಿಯನ್ನು ಸೇರಿದರು. ಜೊತೆಯ ತರುಣರೆಲ್ಲ ಬೇಗನೆ ಏಜೆಂಟರಾಗಬೇಕೆಂದು ಹವಣಿಸುತ್ತಿದ್ದಾಗ, ಅಂಥ ಆಸೆಯೇ ಇಲ್ಲದ ಇವರು ಕಡತಗಳ ಕೋಣೆಯನ್ನು ಹೊಕ್ಕು, ಅಲ್ಲಿ ಸಂಚಿತವಾಗಿದ್ದ ಪತ್ರಗಳನ್ನೂ ಕರಾರುಗಳನ್ನೂ ಅಕಾರಾದಿಯಾಗಿ ಓದತೊಡಗಿದರು. ಯಾವ ನಟನಿಗೆ ಎಷ್ಟು ಸಂಭಾವನೆ ಸಂದಿತು, ಯಾವ ಮಾತುಕತೆ ಎಲ್ಲಿ ಮುರಿಯಿತು, ಯಾರ ಏಳ್ಗೆ ಹೇಗೆ ಆರಂಭವಾಗಿ ಹೇಗೆ ಇಳಿಯಿತು ಎಂಬ ಮನರಂಜನೋದ್ಯಮದ ಸಮಗ್ರ ಇತಿಹಾಸವೆಲ್ಲ ಆ ಧೂಳಿನ ಕಡತಗಳಲ್ಲಿತ್ತು. ಅವರಿಗೆ ದೊರೆತ ವಿಶ್ವವಿದ್ಯಾಲಯ ಅದೇ.

1960ರ ದಶಕದ ಮಧ್ಯಭಾಗದಲ್ಲಿ ಎಬಿಸಿ ಟೆಲಿವಿಷನ್ ಸಂಸ್ಥೆಯನ್ನು ಸೇರಿದ ಡಿಲ್ಲರ್‌ಗೆ ಚಲನಚಿತ್ರಗಳ ಪ್ರಸಾರದ ಹಕ್ಕುಗಳನ್ನು ಕೊಳ್ಳುವ ಕೆಲಸ ಬಂತು. ಚಿತ್ರಮಂದಿರಗಳಲ್ಲಿ ಓಡಿ ಹಳತಾದ ಚಿತ್ರಗಳಿಗೆ ದುಬಾರಿ ಬೆಲೆ ತೆರುವುದಕ್ಕಿಂತ, ಟೆಲಿವಿಷನ್ನಿಗೆಂದೇ ವಾರಕ್ಕೊಂದು ಹೊಸ ಚಿತ್ರವನ್ನು ಏಕೆ ತಯಾರಿಸಬಾರದು ಎಂಬ ಪ್ರಶ್ನೆ ಅಲ್ಲಿ ಮೊಳೆಯಿತು. ಹಾಗೆ 1969ರಲ್ಲಿ ಆರಂಭವಾದ ‘ಮೂವಿ ಆಫ್ ದ ವೀಕ್’ ಮಾಲಿಕೆಯಲ್ಲಿಯೇ, ಇಪ್ಪತ್ತನಾಲ್ಕರ ತರುಣ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಡ್ಯುಯಲ್’ 1971ರಲ್ಲಿ ಪ್ರಸಾರವಾಯಿತು.

ಮೂವತ್ತೆರಡನೆಯ ವಯಸ್ಸಿನಲ್ಲಿ, 1974ರಲ್ಲಿ, ಅವರು ಪ್ಯಾರಾಮೌಂಟ್ ಚಿತ್ರಸಂಸ್ಥೆಯ ಅಧ್ಯಕ್ಷರಾದರು. ‘ಸ್ಯಾಟರ್ಡೇ ನೈಟ್ ಫೀವರ್’, ‘ಗ್ರೀಸ್’, ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಮುಂತಾದ ಚಿತ್ರಗಳು ಆ ದಶವರ್ಷಗಳ ಫಲ. ಒಂದು ಕಥೆ ಚಿತ್ರವಾಗಬೇಕೆ ಬೇಡವೆ ಎಂಬುದನ್ನು ಅವರು ಪ್ರೇಕ್ಷಕರ ಸಮೀಕ್ಷೆಗಳಿಗೆ ಒಪ್ಪಿಸದೆ, ಸಹೋದ್ಯೋಗಿಗಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನಿಷ್ಠುರವಾದ ವಾದಕ್ಕೆ ಎಳೆಯುತ್ತಿದ್ದರು. ಎಲ್ಲ ಆಕ್ಷೇಪಣೆಗಳೂ ಮುಗಿದ ಮೇಲೆ ಯಾರ ನಂಬಿಕೆ ಇನ್ನೂ ಅಲುಗದೆ ನಿಂತಿದೆಯೋ ಅವರ ಚಿತ್ರಕ್ಕೆ ಬಂಡವಾಳ ದೊರೆಯುತ್ತಿತ್ತು. ಈ ಪದ್ಧತಿ ಮೃದುಸ್ವಭಾವದವರಿಗೆ ಕಠಿನವಾಗಿದ್ದಿರಬೇಕು. ಆದರೂ ಮುಖಸ್ತುತಿಯಲ್ಲಿ ಮುಳುಗುವ ಅಧಿಕಾರಿಗಳ ಸಭೆಗಳಿಗಿಂತ ಅದು ಸಾವಿರ ಪಾಲು ಪ್ರಾಮಾಣಿಕವಾದುದು. ಅಲ್ಲಿಂದ ಮುಂದೆ ಫಾಕ್ಸ್ ಸಂಸ್ಥೆಗೆ ಹೋಗಿ, ಮೂರೇ ಜಾಲಗಳು ಆಳುತ್ತಿದ್ದ ಅಮೆರಿಕದ ಟೆಲಿವಿಷನ್ ಕ್ಷೇತ್ರದಲ್ಲಿ 1986ರಲ್ಲಿ ನಾಲ್ಕನೆಯದನ್ನು ಸ್ಥಾಪಿಸಿದರು. ‘ದ ಸಿಂಪ್ಸನ್ಸ್’ ಅಲ್ಲಿ ಹುಟ್ಟಿದ್ದು. ಆದರೆ ಫಾಕ್ಸ್‌ನ ಒಡೆತನ ರೂಪರ್ಟ್ ಮರ್ಡೋಕರದಾಗಿತ್ತು. ಅನ್ಯರ ಸಂಸ್ಥೆಯಲ್ಲಿ ಎಷ್ಟೇ ಎತ್ತರಕ್ಕೇರಿದರೂ ತಾನು ನೌಕರನೇ ಎಂಬ ಅರಿವು ಮೂಡಿ, 1992ರಲ್ಲಿ ಅವರು ರಾಜೀನಾಮೆಯಿತ್ತರು.

ಆಗ ಅವರಿಗೆ ಐವತ್ತು ವರ್ಷ. ಇನ್ನೊಂದು ಚಿತ್ರಸಂಸ್ಥೆಯ ಪೀಠವನ್ನೇರುವರೆಂದು ಹಾಲಿವುಡ್ ನಿರೀಕ್ಷಿಸುತ್ತಿದ್ದಾಗ, ಗೆಳತಿಯೂ ಮುಂದೆ ಪತ್ನಿಯೂ ಆದ ವಸ್ತ್ರವಿನ್ಯಾಸಕಿ ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಡಿಲ್ಲರರನ್ನು ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿದ್ದುದು ಕ್ಯೂವಿಸಿ, ಟೆಲಿವಿಷನ್ನಿನಲ್ಲಿ ಸರಕನ್ನು ತೋರಿಸಿ, ದೂರವಾಣಿಯ ಮೂಲಕ ಮಾರುವ ವಾಹಿನಿ. ಪರದೆಯ ಮೇಲೆ ಒಂದು ಉಡುಪು ಕಾಣಿಸಿದೊಡನೆ ಬರತೊಡಗುವ ಕರೆಗಳ ಸಂಖ್ಯೆ ಕಂಪ್ಯೂಟರಿನಲ್ಲಿ ಏರುತ್ತ, ಸರಕು ಬದಲಾದೊಡನೆ ಇಳಿಯುತ್ತ ಹೋಗುವುದನ್ನು ಡಿಲ್ಲರ್ ನಿಂತು ನೋಡಿದರು. ಪರದೆಯೆಂದರೆ ಕಥೆ ಹೇಳುವ ಸಾಧನವೆಂದೇ ಕಾಲು ಶತಮಾನ ನಂಬಿ ನಡೆದವರಿಗೆ, ಆ ಪರದೆಯ ಆಚೆಗಿರುವ ಜನ ಅದರ ಮೂಲಕವೇ ಮರುಮಾತಾಡಬಲ್ಲರು ಎಂಬುದು ಅಂದು ಗೋಚರಿಸಿತು. ಸಾಮಾನ್ಯ ಜನರ ಮನೆಗೆ ಅಂತರ್ಜಾಲವಿನ್ನೂ ಕಾಲಿಡದಿದ್ದ ಕಾಲ ಅದು. ಅವರು 25 ದಶಲಕ್ಷ ಡಾಲರುಗಳನ್ನು ತೊಡಗಿಸಿ ಆ ವಾಹಿನಿಯ ಮುಖ್ಯಸ್ಥರಾದಾಗ, ಹಾಲಿವುಡ್ಡಿಗೆ ಅದು ಅವನತಿಯಂತೆ ಕಂಡಿತು. ನನಗಾದರೋ ಅವರ ಜೀವನದ ಅತ್ಯಂತ ಉದಾತ್ತವಾದ ಹೆಜ್ಜೆ ಅದೇ.

ಸೋಲುಗಳೂ ಬಂದವು. ತಾವೇ ಹಿಂದೆ ನಡೆಸಿದ್ದ ಪ್ಯಾರಾಮೌಂಟನ್ನು ಕೊಳ್ಳಲು ಹೂಡಿದ ದೀರ್ಘ ಸಮರದಲ್ಲಿ 1994ರಲ್ಲಿ ಸಮ್ನರ್ ರೆಡ್‌ಸ್ಟೋನರ ವಯಾಕಾಂ ಗೆದ್ದಿತು. ಡಿಲ್ಲರ್ ಕೆಲವೇ ಶಬ್ದಗಳಲ್ಲಿ ಸೋಲನ್ನೊಪ್ಪಿ, ಮುಂದಿನ ಕೆಲಸಕ್ಕೆ ತಿರುಗಿದರು. ಬಳಿಕ ಸಿಲ್ವರ್ ಕಿಂಗ್ ಎಂಬ ಸಣ್ಣ ಟೆಲಿವಿಷನ್ ಕಂಪನಿಯನ್ನು ಬುನಾದಿಯಾಗಿಟ್ಟು, ಹೋಂ ಶಾಪಿಂಗ್ ನೆಟ್‌ವರ್ಕ್, ಟಿಕೆಟ್‌ಮಾಸ್ಟರ್, ಮ್ಯಾಚ್ ಮುಂತಾದವನ್ನು ಒಂದೊಂದಾಗಿ ಕೂಡಿಸುತ್ತ, ಮುಂದೆ ಐಎಸಿ ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಕಟ್ಟಿದರು. ಮೈಕ್ರೋಸಾಫ್ಟಿನಿಂದ ಎಕ್ಸ್‌ಪೀಡಿಯಾ ಎಂಬ ಪ್ರಯಾಣತಾಣದ ಒಡೆತನವನ್ನು ಪಡೆಯಲು 2001ರ ಜುಲೈನಲ್ಲಿ ಒಪ್ಪಂದವಾಗಿ, ಎರಡೇ ತಿಂಗಳಲ್ಲಿ ನ್ಯೂಯಾರ್ಕಿನ ಅವಳಿಗೋಪುರಗಳು ಉರುಳಿ, ವಿಮಾನಯಾನವೇ ಸ್ತಬ್ಧವಾದಾಗ, ಹಿಂದೆ ಸರಿಯುವ ಅವಕಾಶವಿದ್ದರೂ ಅವರು ಸರಿಯಲಿಲ್ಲ; ಬದುಕಿರುವವರೆಗೆ ಜನ ಪ್ರಯಾಣ ಮಾಡಿಯೇ ಮಾಡುವರೆಂಬುದು ಅವರ ತರ್ಕ. ಇದಕ್ಕೆ ವಿರುದ್ಧವಾಗಿ, 2005ರಲ್ಲಿ ಕೊಂಡ ಆಸ್ಕ್ ಜೀವ್ಸ್ ಎಂಬ ಶೋಧತಾಣ ಗೂಗಲ್ಲಿನೆದುರು ತಲೆಯೆತ್ತಲಾರದೆ ಹೋಯಿತು.

ಉದ್ಯಮಪತಿಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಗುಣ ಇವರದು: ಕೂಡಿಟ್ಟುದನ್ನು ಹಿಡಿದುಕೊಂಡು ಕೂರದೆ, ಬೆಳೆದ ಮಕ್ಕಳಿಗೆ ಪಾಲು ಕೊಟ್ಟು ಬೇರೆ ಮನೆ ಹೂಡಿಸುವ ಹಿರಿಯನಂತೆ, ಪುಷ್ಟವಾದ ಕಂಪನಿಗಳನ್ನು ಬೇರ್ಪಡಿಸಿ ಶೇರುದಾರರ ಕೈಗೆ ಒಪ್ಪಿಸಿಬಿಡುವುದು. 2005ರಲ್ಲಿ ಎಕ್ಸ್‌ಪೀಡಿಯಾ, 2008ರಲ್ಲಿ ಟಿಕೆಟ್‌ಮಾಸ್ಟರ್, ಐಎಸಿಯ ಆಶ್ರಯದಲ್ಲಿಯೇ ಹುಟ್ಟಿದ ಟಿಂಡರನ್ನೂ ಒಳಗೊಂಡ ಮ್ಯಾಚ್ ಸಮೂಹ 2020ರಲ್ಲಿ, ಮರುವರ್ಷ ವಿಮಿಯೋ ಹೀಗೆ ಸ್ವತಂತ್ರವಾದವು.

ಕಂಪನಿಗಳಂತೆಯೇ ವ್ಯಕ್ತಿಗಳೂ ಅವರ ಗರಡಿಯಿಂದ ಹೊರಟರು. ಪ್ಯಾರಾಮೌಂಟಿನ ಆ ವಾದದ ಕೋಣೆಯಲ್ಲಿ ಪಳಗಿದ ಮೈಕೆಲ್ ಐಸ್ನರ್ ಡಿಸ್ನಿಯನ್ನು ಪುನರುಜ್ಜೀವನಗೊಳಿಸಿದರು. ಜೆಫ್ರಿ ಕಾಟ್ಜನ್‌ಬರ್ಗ್ ಡ್ರೀಮ್‌ವರ್ಕ್ಸ್ ಸ್ಥಾಪಕರಲ್ಲಿ ಒಬ್ಬರಾದರು. ಐಎಸಿಯಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ದಾರಾ ಖೊಸ್ರೊಶಾಹಿ ಎಕ್ಸ್‌ಪೀಡಿಯಾವನ್ನು ಹನ್ನೆರಡು ವರ್ಷ ನಡೆಸಿ, 2017ರಲ್ಲಿ ಊಬರಿನ ಚುಕ್ಕಾಣಿ ಹಿಡಿದರು.