ಮನೆಯೂ ಒಂದು ಶಾಲೆ: ಮನೆಶಿಕ್ಷಣದ ಪ್ರಯೋಜನಗಳು

ಕರಾವಳಿಯಲ್ಲಿ ಜುಲೈ ತಿಂಗಳೆಂದರೆ ಮಕ್ಕಳಿಗೆ ಮಳೆ ರಜೆಯ ಕಾಲ. ಜಿಲ್ಲಾಧಿಕಾರಿಗಳು ರಜೆ ಸಾರಿದರೆಂದು ತಿಳಿದೊಡನೆ ಮಕ್ಕಳು ಕುಣಿಯುತ್ತಾರೆ, ಹೆತ್ತವರು ತಲೆಗೆ ಕೈಹೊತ್ತು ಕೂರುತ್ತಾರೆ. "ಇಡೀ ದಿನ ಇವರನ್ನು ಸಂಭಾಳಿಸುವುದು ಹೇಗೆ ಫಾದರ್?" ಎಂದು ಕೇಳುವ ತಾಯಂದಿರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಕಲಿಯುವುದು ಶಾಲೆಯಲ್ಲಿ ಮಾತ್ರ, ಮನೆಯಿರುವುದು ಉಣ್ಣಲು ಮತ್ತು ಮಲಗಲು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಕೆಲವು ಸಮಯದ ಹಿಂದೆ ಭಾನುವಾರದ ಬಲಿಪೂಜೆಯ ಬಳಿಕ ಗಂಡ ಹೆಂಡತಿ ಇಬ್ಬರು ನನ್ನನ್ನು ಕಾಣಲು ಬಂದರು. ಗಂಡ ಗಲ್ಫಿನಿಂದ ರಜೆಯಲ್ಲಿ ಬಂದಿದ್ದರು. ಎಂಟು ವರ್ಷದ ಮಗ ದಿನಾ ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವೆಂದು ಅಳುತ್ತಾನೆ. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದಿದ್ದಾರೆ. "ಇವನಿಗೆ ಮನೆಯಲ್ಲೇ ಕಲಿಸಬಹುದಾ ಫಾದರ್? ಹಾಗೆ ಮಾಡಿದರೆ ತಪ್ಪಾಗುತ್ತದಾ?" ಎಂದು ಆ ತಾಯಿ ಕೇಳಿದರು. ಕ್ರೈಸ್ತ ವಿದ್ಯಾಸಂಸ್ಥೆಗಳ ದೊಡ್ಡ ಪರಂಪರೆಯಿರುವ ಈ ನಾಡಿನಲ್ಲಿ ಒಬ್ಬ ಧರ್ಮಗುರುವಿಗೆ ಇದು ಸುಲಭದ ಪ್ರಶ್ನೆಯಲ್ಲ. ಆದ್ದರಿಂದ ಈ ವಿಷಯದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ಮನೆಶಿಕ್ಷಣ ಎಂದರೇನು?

ಮಗುವನ್ನು ಶಾಲೆಗೆ ಸೇರಿಸದೆ, ಹೆತ್ತವರೇ ಜವಾಬ್ದಾರಿ ಹೊತ್ತು ಮನೆಯಲ್ಲಿ ಕಲಿಸುವ ಕ್ರಮವೇ ಮನೆಶಿಕ್ಷಣ. ಅಮೆರಿಕದಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಕರು ತರಗತಿಯಲ್ಲಿ ಮಕ್ಕಳು ಭಯದಿಂದ ಹೇಗೆ ಹಿಂದೆ ಬೀಳುತ್ತಾರೆ ಎಂಬುದನ್ನು ಗಮನಿಸಿ 1964ರಲ್ಲಿ ಒಂದು ಪುಸ್ತಕ ಬರೆದರು. 1977ರಲ್ಲಿ ಮನೆಯಲ್ಲಿ ಕಲಿಸುವವರಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿದರು. 1993ರ ಹೊತ್ತಿಗೆ ಅಲ್ಲಿನ ಎಲ್ಲಾ 50 ರಾಜ್ಯಗಳಲ್ಲೂ ಮನೆಶಿಕ್ಷಣಕ್ಕೆ ಕಾನೂನಿನ ಒಪ್ಪಿಗೆ ದೊರೆತಿತ್ತು. ನಮ್ಮ ಜಿಲ್ಲೆಯಲ್ಲೂ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತರಗತಿಯ ಕಟ್ಟುಪಾಡಿಲ್ಲದೆ ಮಕ್ಕಳಿಗೆ ಕಲಿಸುವ ಪ್ರಯೋಗ ನಡೆಸಿದ್ದರು.

ಧರ್ಮಸಭೆ ಏನು ಹೇಳುತ್ತದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಮಕ್ಕಳಿಗೆ ಹೆತ್ತವರೇ ಮೊದಲ ಹಾಗೂ ಪ್ರಮುಖ ಶಿಕ್ಷಕರೆಂದು ತಿಳಿಸಿತು. ಸಂತ ದ್ವಿತೀಯ ಜಾನ್ ಪೌಲರು 1981ರಲ್ಲಿ ಕುಟುಂಬದ ಕುರಿತ ತಮ್ಮ ಪ್ರಬೋಧನೆಯಲ್ಲಿ, ಈ ಹಕ್ಕು ಮತ್ತು ಕರ್ತವ್ಯವನ್ನು ಸಂಪೂರ್ಣವಾಗಿ ಇನ್ನೊಬ್ಬರಿಗೆ ಬಿಟ್ಟುಕೊಡಲಾಗದು ಎಂದು ವಿವರಿಸಿದರು. ಅಂದರೆ ಶಾಲೆ ಹೆತ್ತವರಿಗೆ ಸಹಾಯಕ, ಅವರ ಬದಲಿಗಲ್ಲ. ಹಾಗೆಂದು ಧರ್ಮಸಭೆ ಶಾಲೆ ಬೇಡವೆನ್ನುವುದಿಲ್ಲ. ಅದೇ ಘೋಷಣೆ ಶಾಲೆಯ ಮಹತ್ವವನ್ನೂ ಶಿಕ್ಷಕರ ಸೇವೆಯನ್ನೂ ಎತ್ತಿ ಹಿಡಿಯುತ್ತದೆ.

ಪ್ರಯೋಜನಗಳು

1. ಮಗುವಿನ ವೇಗಕ್ಕೆ ತಕ್ಕ ಪಾಠ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಎಷ್ಟೇ ಒಳ್ಳೆಯ ಟೀಚರ್ ಆದರೂ ಎಲ್ಲರಿಗಾಗಿ ನಿಲ್ಲಲಾಗದು. ಮನೆಯಲ್ಲಿ ಭಾಗಾಕಾರ ಅರ್ಥವಾಗದಿದ್ದರೆ ಒಂದು ವಾರ ಅಲ್ಲೇ ನಿಲ್ಲಬಹುದು. ಅರ್ಥವಾದರೆ ಮುಂದೆ ಹೋಗಬಹುದು.

2. ಬದುಕಿನ ಜೊತೆ ಕಲಿಕೆ. ಮೀನು ಮಾರ್ಕೆಟಿನಲ್ಲಿ ಬಂಗುಡೆಯ ದರ ಕೇಳಿ ಚಿಲ್ಲರೆ ಲೆಕ್ಕ ಹಾಕುವುದು, ಕೊಯ್ದ ತೆಂಗಿನಕಾಯಿ ಎಣಿಸುವುದು, ಅಂಗಳದಲ್ಲಿ ಪಾತ್ರೆಯಿಟ್ಟು ಮಳೆ ಅಳೆಯುವುದು ಇವೆಲ್ಲವೂ ಗಣಿತ ಮತ್ತು ವಿಜ್ಞಾನವೇ.

3. ಮನೆಮಾತಿನ ಉಳಿವು. ಅಜ್ಜಿಯ ಬಾಯಿಂದ ಕೊಂಕಣಿ, ನೆರೆಹೊರೆಯಿಂದ ತುಳು, ಪುಸ್ತಕದಿಂದ ಕನ್ನಡ ಮತ್ತು ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳು ಹೊರೆಯೆನಿಸದೆ ಬರುತ್ತವೆ.

4. ಭಯವಿಲ್ಲದ ಕಲಿಕೆ ಮತ್ತು ಸಮಯದ ಉಳಿತಾಯ. ವ್ಯಾನಿನಲ್ಲಿ ಕಳೆಯುವ ಗಂಟೆಗಳು ಆಟಕ್ಕೆ, ಸಂಗೀತಕ್ಕೆ, ಸಂಜೆಯ ಜಪಸರ ಪ್ರಾರ್ಥನೆಗೆ ಸಿಗುತ್ತವೆ.

ಒಬ್ಬ ಸಂತೆಯ ಉದಾಹರಣೆ

ಬಾಲ ಯೇಸುವಿನ ಸಂತ ತೆರೇಸಾ ನಮಗೆಲ್ಲ ಪರಿಚಿತರು. 1877ರಲ್ಲಿ ತಾಯಿ ಸೆಲಿ ತೀರಿಕೊಂಡಾಗ ಅವರಿಗೆ ನಾಲ್ಕೂವರೆ ವರ್ಷ. ಲಿಸಿಯೂ ಪಟ್ಟಣದ ಮನೆಯಲ್ಲಿ ಅಕ್ಕಂದಿರಾದ ಮೇರಿ ಮತ್ತು ಪೌಲಿನ್ ಅವರಿಗೆ ಪಾಠ ಹೇಳಿಕೊಟ್ಟರು. 1881ರಲ್ಲಿ ಬೆನೆಡಿಕ್ಟಿನ್ ಭಗಿನಿಯರ ಶಾಲೆಗೆ ಸೇರಿದಾಗ ಅವರು ಓದಿನಲ್ಲಿ ಮುಂದಿದ್ದರು. ಆದರೆ ಅಲ್ಲಿ ದೊಡ್ಡ ಹುಡುಗಿಯೊಬ್ಬಳ ಕಾಟದಿಂದ ಬಹಳ ನೊಂದರು. ಕೊನೆಗೆ 1886ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ತಂದೆ ಲೂಯಿ ಮಾರ್ಟಿನ್ ಮಗಳನ್ನು ಶಾಲೆ ಬಿಡಿಸಿ ಖಾಸಗಿ ಪಾಠದ ಏರ್ಪಾಡು ಮಾಡಿದರು. ಅದೇ ತೆರೇಸಾರನ್ನು 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದು ಘೋಷಿಸಲಾಯಿತು. ಆ ಹೆತ್ತವರು 2015ರಲ್ಲಿ ಸಂತ ಪದವಿಗೇರಿದರು. ಮಗಳ ಕಣ್ಣೀರನ್ನು ತಂದೆ ಹಟವೆಂದು ತಳ್ಳಿಹಾಕಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಕಾನೂನು ಮತ್ತು ಪರೀಕ್ಷೆ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಹೆತ್ತವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆದರೆ ಮನೆಶಿಕ್ಷಣಕ್ಕೆ ಸ್ಪಷ್ಟ ಮಾನ್ಯತೆಯನ್ನೂ ಅದು ಕೊಟ್ಟಿಲ್ಲ. ಆದುದರಿಂದ ಈ ದಾರಿ ಹಿಡಿಯುವವರು ಮೊದಲೇ ವಿಚಾರಿಸಿಕೊಂಡು, ಮಗು ಕಲಿತದ್ದರ ದಾಖಲೆ ಇಟ್ಟುಕೊಳ್ಳುವುದು ಉತ್ತಮ.

ಪರೀಕ್ಷೆಗೆ ದಾರಿಯಿದೆ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್.ಐ.ಓ.ಎಸ್., 14 ವರ್ಷ ತುಂಬಿದವರಿಗೆ ಹತ್ತನೇ ತರಗತಿಯ ಮಟ್ಟದ ಪರೀಕ್ಷೆ ನಡೆಸುತ್ತದೆ. ಐದು ವಿಷಯಗಳನ್ನು ಒಂದೇ ಬಾರಿಗೆ ಮುಗಿಸಬೇಕೆಂದಿಲ್ಲ, ಐದು ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಬರೆಯಬಹುದು. ಈ ಪ್ರಮಾಣಪತ್ರದಿಂದ ಮುಂದಿನ ವ್ಯಾಸಂಗಕ್ಕೆ ಹೋಗಬಹುದು.

ಎಚ್ಚರ ವಹಿಸಬೇಕಾದ ಸಂಗತಿಗಳು

ಮನೆಶಿಕ್ಷಣ ಎಲ್ಲರಿಗೂ ಹೇಳಿಸಿದ್ದಲ್ಲ. ತಂದೆ ವಿದೇಶದಲ್ಲಿದ್ದರೆ ಇಡೀ ಭಾರ ತಾಯಿಯ ಮೇಲೆ ಬೀಳುತ್ತದೆ. ದುಡಿಯುವ ಬಡ ಹೆತ್ತವರ ಮಕ್ಕಳಿಗೆ ಶಾಲೆಯೇ ಆಸರೆ, ಮಧ್ಯಾಹ್ನದ ಬಿಸಿಯೂಟವೂ ಅಲ್ಲೇ. 2020ರಲ್ಲಿ ಕೊರೋನದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳು ಓದುವುದನ್ನೇ ಮರೆತರು. ಶಿಕ್ಷಕರು ವಿದ್ಯಾಗಮ ಕಾರ್ಯಕ್ರಮದಡಿ ಜಗಲಿಗಳಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಬೇಕಾಯಿತು. ಇನ್ನೊಂದು ಮಾತು, ಬೇರೆ ಜಾತಿ ಧರ್ಮದ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಪಾಠ ಮನೆಯಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಕಲಿಸುವವರು ಆಟದ ಮೈದಾನ, ಗ್ರಂಥಾಲಯ, ನೆರೆಮನೆಗಳ ಬಾಗಿಲನ್ನು ಮಗುವಿಗೆ ತೆರೆದಿಡಲೇಬೇಕು.

ಎಲ್ಲರೂ ಮಾಡಬಹುದಾದದ್ದು

ಆ ದಂಪತಿಗೆ ನಾನು, "ತೀರ್ಮಾನಕ್ಕೆ ಮೊದಲು ಒಂದು ತಿಂಗಳು ದಿನಾ ಸಂಜೆ ಒಂದು ಗಂಟೆ ಇಬ್ಬರೂ ಅವನ ಜೊತೆ ಕುಳಿತುಕೊಳ್ಳಿ. ಬೈಯಬೇಡಿ, ಟಿ.ವಿ. ಮೊಬೈಲ್ ಬೇಡ" ಎಂದೆ. ಎರಡನೇ ವಾರದಲ್ಲೇ ತಾಯಿ ಮತ್ತೆ ಬಂದರು. ಮಗನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ, ಗಟ್ಟಿಯಾಗಿ ಓದಬೇಕಾದ ದಿನ ಹೊಟ್ಟೆನೋವು ಬರುತ್ತಿತ್ತು. ಮೂರನೇ ತರಗತಿಯವರೆಗೆ ಇದು ಶಾಲೆಗೂ ತಿಳಿದಿರಲಿಲ್ಲ, ಮನೆಗೂ ತಿಳಿದಿರಲಿಲ್ಲ. ಈಗ ಅವನು ಶಾಲೆಗೆ ಹೋಗುತ್ತಿದ್ದಾನೆ, ಓದಲು ಮಾತ್ರ ಮನೆಯಲ್ಲೇ ಮೊದಲಿನಿಂದ ಕಲಿಯುತ್ತಿದ್ದಾನೆ. ತಂದೆ ಗಲ್ಫಿನಿಂದ ರಾತ್ರಿ ಫೋನಿನಲ್ಲಿ ಅವನಿಂದ ಒಂದು ಪುಟ ಓದಿಸಿ ಕೇಳುತ್ತಾರೆ.

ಪ್ರಿಯ ಹೆತ್ತವರೇ, ಮಗುವನ್ನು ಪೂರ್ತಿ ಮನೆಯಲ್ಲೇ ಕಲಿಸುವ ಧೈರ್ಯ ಮತ್ತು ಅನುಕೂಲ ನಿಮಗಿದ್ದರೆ ಅದು ತಪ್ಪಲ್ಲ, ಯೋಚಿಸಿ ಮುಂದುವರಿಯಿರಿ. ಇಲ್ಲವಾದರೆ ದಿನಕ್ಕೆ ಒಂದು ಗಂಟೆಯಾದರೂ ಮನೆಯನ್ನು ಶಾಲೆಯಾಗಿಸಿ. ಫೀಸು ಕಟ್ಟಿದೊಡನೆ ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳದಿರೋಣ. ಮುಂದಿನ ಮಳೆ ರಜೆಯ ದಿನ ತಲೆಗೆ ಕೈಹೊತ್ತು ಕೂರುವ ಬದಲು ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿಸಿ ನೋಡಿ. ದೇವರು ನಿಮ್ಮ ಕುಟುಂಬಗಳನ್ನು ಹರಸಲಿ.