ಮೂಳೆ ಕೂಡಿಸಿದ ಮೇಲಿನ ಕೆಲಸ

ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡ ಯುವಕ ಪ್ಲಾಸ್ಟರ್ ಹಾಕಿಸಿಕೊಂಡು ವಾರ್ಡಿಗೆ ಬಂದಿದ್ದಾನೆ. ಸಿಸ್ಟರ್ ಮಂಚದ ಬಳಿ ಬಂದು ಅವನ ಕಾಲಿನ ಹೆಬ್ಬೆರಳ ಉಗುರನ್ನು ಒತ್ತಿ ಬಿಡುತ್ತಾರೆ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಪಾದ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ. “ಬೆರಳು ಆಡಿಸಪ್ಪ” ಎನ್ನುತ್ತಾರೆ. ಬೆರಳ ಸಂದಿಯಲ್ಲಿ ಮುಟ್ಟಿ, “ಇದು ಗೊತ್ತಾಗ್ತಿದೆಯಾ, ಜೋಮು ಹಿಡಿದಿದೆಯಾ?” ಎಂದು ಕೇಳುತ್ತಾರೆ. ಕೊನೆಗೆ ತಾವೇ ಬೆರಳನ್ನು ಮೆಲ್ಲನೆ ಮೇಲಕ್ಕೆ ಬಾಗಿಸಿ ಅವನ ಮುಖ ನೋಡುತ್ತಾರೆ. ಒಂದೆರಡು ನಿಮಿಷದ ಕೆಲಸ. ಮೊದಲ ದಿನ ಇದು ಗಂಟೆಗೊಮ್ಮೆ ನಡೆಯಬೇಕು, ನಡುರಾತ್ರಿಯೂ ತಪ್ಪುವಂತಿಲ್ಲ.

ಇಷ್ಟು ಎಚ್ಚರಕ್ಕೆ ಕಾರಣವಿದೆ. ಮುರಿದ ಜಾಗದಲ್ಲಿ ರಕ್ತ ಸೋರಿ ಬಾವು ಏರುತ್ತದೆ. ಕಾಲಿನ ಮಾಂಸಖಂಡಗಳನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ, ಹೊರಗಿನ ಪ್ಲಾಸ್ಟರೂ ಹಿಗ್ಗುವುದಿಲ್ಲ. ಒಳಗೆ ಒತ್ತಡ ಹೆಚ್ಚಿ ರಕ್ತದ ಓಡಾಟ ನಿಂತರೆ, ಸುಮಾರು 6 ಗಂಟೆಯೊಳಗೆ ಸ್ನಾಯು ಮತ್ತು ನರಗಳು ಮತ್ತೆ ಸರಿಯಾಗದಷ್ಟು ಕೆಡತೊಡಗುತ್ತವೆ. ಇಂಜೆಕ್ಷನ್‌ಗೂ ಬಗ್ಗದ ನೋವು, ಬೆರಳು ಬಾಗಿಸಿದಾಗ ಜೀವ ಹೋಗುವಂಥ ನೋವು, ಇವೇ ಮೊದಲ ಸೂಚನೆ. ನಾಡಿ ಸಿಗದಂತಾಗುವುದು ತೀರ ಕೊನೆಗೆ. ಅಷ್ಟು ಹೊತ್ತಿಗೆ ಕಾಲು ಉಳಿಸುವ ಸಮಯ ಮೀರಿರಬಹುದು. ಡಾಕ್ಟರು ರೌಂಡ್ಸಿಗೆ ಬರುವ ತನಕ ಕಾಯುವಂಥದ್ದಲ್ಲ ಇದು. ಮಂಚದ ಪಕ್ಕದಲ್ಲಿರುವ ನರ್ಸ್ ಗುರುತಿಸಬೇಕು, ಆಗಲೇ ಕರೆ ಮಾಡಬೇಕು.

ಮೂಳೆ ರೋಗಿಗಳ ಶುಶ್ರೂಷೆ ಎಂಬ ವಿಶೇಷ ವಿದ್ಯೆ ನಿಂತಿರುವುದು ಇಂಥ ಕೆಲಸಗಳ ಮೇಲೆ. ಮೂಳೆ ಕೂಡಿಸುವುದು ಕೆಲವು ಗಂಟೆಗಳ ಕೆಲಸ. ಆಮೇಲೆ ಕಾಯುವುದು, ಕಲಿಸುವುದು, ನಡೆಸುವುದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ.

ಈ ವಿದ್ಯೆಗೆ ತಳಹದಿ ಹಾಕಿದ ಆಗ್ನೆಸ್ ಹಂಟ್ ಸ್ವತಃ ಮೂಳೆ ರೋಗಿ. 1866ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲೇ ಸೋಂಕು ತಗುಲಿ ಸೊಂಟದ ಕೀಲು ಹಾಳಾಯಿತು. ಬದುಕಿಡೀ ಕುಂಟುತ್ತಲೇ ನಡೆದರು. ಆದರೂ ಹಟ ಹಿಡಿದು ನರ್ಸಿಂಗ್ ತರಬೇತಿ ಪಡೆದರು. 1900ರಲ್ಲಿ ಶ್ರಾಪ್‌ಶೈರ್ ಪ್ರಾಂತ್ಯದ ಬಾಸ್‌ಚರ್ಚ್ ಹಳ್ಳಿಯಲ್ಲಿ, ಕೈಕಾಲು ಊನವಾದ ಮಕ್ಕಳಿಗಾಗಿ ಒಂದು ಮನೆಯಲ್ಲೇ ಆರೈಕೆ ಕೇಂದ್ರ ತೆರೆದರು. ಮೂಳೆ ಕ್ಷಯ ಮನೆಮಾತಾಗಿದ್ದ ಕಾಲವದು. ಅಂಗಳದಲ್ಲಿ ಒಂದು ಬದಿ ತೆರೆದ ಶೆಡ್ಡು ಕಟ್ಟಿಸಿ, ಗಾಳಿ ಬೆಳಕಿನಲ್ಲೇ ಮಕ್ಕಳ ಮಂಚ ಹಾಕಿಸಿದರು.

ತಮ್ಮ ಸೊಂಟ ತೋರಿಸಲು ಲಿವರ್‌ಪೂಲ್‌ನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಬಳಿಗೆ ಹೋದ ಹಂಟ್, ಮಕ್ಕಳನ್ನೂ ಅವರಿಗೆ ತೋರಿಸತೊಡಗಿದರು. ಸ್ವಲ್ಪ ಕಾಲದಲ್ಲೇ ಜೋನ್ಸ್ ತಾವೇ ಬಾಸ್‌ಚರ್ಚ್‌ಗೆ ಬಂದು ಶಸ್ತ್ರಚಿಕಿತ್ಸೆ ಮಾಡಲು ಶುರುಮಾಡಿದರು. ಆಗ ಹಂಟ್ ಗಮನಿಸಿದ್ದು, ವಾಸಿಯಾಗಿ ಊರಿಗೆ ಹೋದ ಮಕ್ಕಳು ಮತ್ತೆ ಕೆಟ್ಟು ಬರುತ್ತಿದ್ದುದನ್ನು. ಮನೆಯಲ್ಲಿ ಪಟ್ಟಿ ಸಡಿಲವಾಗುತ್ತಿತ್ತು, ವ್ಯಾಯಾಮ ನಿಂತುಹೋಗುತ್ತಿತ್ತು, ತಾಯಂದಿರಿಗೆ ಹೇಳಿಕೊಡುವವರಿರಲಿಲ್ಲ. ಅದಕ್ಕೆ ಅವರು ಸುತ್ತಲಿನ ಊರುಗಳಲ್ಲಿ, ನರ್ಸುಗಳೇ ನೋಡಿಕೊಳ್ಳುವ ಮುಂದುವರಿದ ಆರೈಕೆಯ ಕ್ಲಿನಿಕ್ಕುಗಳನ್ನು ತೆರೆದರು. ಚಿಕಿತ್ಸೆ ಆಸ್ಪತ್ರೆಯ ಗೇಟಿನಲ್ಲಿ ಮುಗಿಯುವುದಿಲ್ಲ ಎಂಬ ತಿಳಿವಳಿಕೆಗೆ ಹೀಗೆ ಒಂದು ವ್ಯವಸ್ಥೆಯ ರೂಪ ಬಂತು. ಆಸ್ಪತ್ರೆ 1921ರಲ್ಲಿ ಆಸ್ವೆಸ್ಟ್ರಿಗೆ ಸ್ಥಳಾಂತರವಾಯಿತು. ಇಂದಿಗೂ ಅದರ ಹೆಸರಿನಲ್ಲಿ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಜೊತೆಗೆ ನರ್ಸ್ ಆಗ್ನೆಸ್ ಹಂಟ್ ಹೆಸರೂ ಇದೆ. 1927ರಲ್ಲಿ ಹಂಟ್ ಅಂಗವಿಕಲ ಯುವಜನರಿಗೆ ಕಸುಬು ಕಲಿಸುವ ಕಾಲೇಜನ್ನೂ ಕಟ್ಟಿದರು.

ಜೋನ್ಸ್ ಅವರ ಗುರುವೂ ಸಂಬಂಧದಲ್ಲಿ ಹಿರಿಯರೂ ಆಗಿದ್ದ ಹ್ಯೂ ಓವನ್ ಥಾಮಸ್, ವೇಲ್ಸ್‌ನ ನಾಟಿ ಮೂಳೆ ವೈದ್ಯರ ಮನೆತನದವರು. ಅಪ್ಪ ಮೂಳೆ ಕಟ್ಟುತ್ತಿದ್ದರು, ಮಗ ವೈದ್ಯಕೀಯ ಓದಿ ಬಂದರು. ತೊಡೆಮೂಳೆ ಮುರಿದಾಗ ಕಾಲನ್ನು ಅಲುಗದಂತೆ ಹಿಡಿದಿಡುವ ‘ಥಾಮಸ್ ಸ್ಪ್ಲಿಂಟ್’ ಅವರ ಕೊಡುಗೆ. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರ ಪ್ರಾಣ ಉಳಿಸಿದ ಈ ಸಾಧನ ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ.

ವಾರ್ಡಿನ ಕೆಲಸವನ್ನು ಹತ್ತಿರದಿಂದ ನೋಡಿದರೆ, ಸಣ್ಣದೆಂದು ಕಾಣುವ ಯಾವುದೂ ಸಣ್ಣದಲ್ಲ ಎಂಬುದು ತಿಳಿಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗಲು ಕೆಲವೇ ನಿಮಿಷ ಸಾಕು, ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು. ಹಸಿಯಿದ್ದಾಗ ಬೆರಳ ತುದಿಯಿಂದ ಹಿಡಿದರೆ ತಗ್ಗು ಬೀಳುತ್ತದೆ, ಆ ತಗ್ಗು ಒಳಗೆ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಅದಕ್ಕೇ ಅಂಗೈ ಮೇಲೆ ಎತ್ತಬೇಕು. ಒಳಗೆ ತುರಿಕೆ ಎಂದು ಪೊರಕೆ ಕಡ್ಡಿಯನ್ನೋ ಸ್ಕೇಲನ್ನೋ ತೂರಿಸಿ ಕೆರೆದುಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ; ಗಾಯ ಆಗುವುದೂ ಕಾಣುವುದಿಲ್ಲ, ಕೀವು ತುಂಬುವುದೂ ಕಾಣುವುದಿಲ್ಲ. ಪ್ಲಾಸ್ಟರಿನ ಒಂದು ಜಾಗ ಬಿಸಿಯಾದರೆ, ದುರ್ವಾಸನೆ ಬಂದರೆ ನರ್ಸ್ ಎಚ್ಚೆತ್ತುಕೊಳ್ಳುವುದು ಅದಕ್ಕೇ.

ಟ್ರ್ಯಾಕ್ಷನ್ ಹಾಕಿದ, ಎಂದರೆ ಮೂಳೆ ಜಾಗದಲ್ಲಿರಲೆಂದು ತೂಕ ಕಟ್ಟಿ ಕಾಲನ್ನು ಎಳೆದಿಟ್ಟ ರೋಗಿಯ ಕಾಲಿನಿಂದ ನೇತಾಡುವ ತೂಕವನ್ನು, ನೋಡಲು ಬಂದ ಬಂಧುಗಳು ಪಾಪ ಎಷ್ಟು ಭಾರ ಎಂದು ಎತ್ತಿ ಹಿಡಿಯುವುದುಂಟು. ಆ ಕ್ಷಣದಲ್ಲೇ ಮೂಳೆ ಜಾಗ ತಪ್ಪಬಹುದು. ತೂಕ ನೆಲಕ್ಕೂ ಮಂಚಕ್ಕೂ ತಾಗದೆ ತೂಗುತ್ತಲೇ ಇರಬೇಕು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹೊರಳಿಸಲು ನಾಲ್ಕು ಜನ ಬೇಕು. ತಲೆ ಹಿಡಿದವರು ಎಣಿಸಿದಂತೆ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿಯನ್ನು ಉರುಳಿಸಿದಂತೆ ಇಡೀ ದೇಹವನ್ನು ಒಂದೇ ಸಲಕ್ಕೆ ತಿರುಗಿಸಬೇಕು.

ಮಲಗಿದಲ್ಲೇ ಮಲಗಿದವರಿಗೆ ಬಾಲಮೂಳೆಯ ಮೇಲೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಅದರ ಅಪಾಯವನ್ನು ಮೊದಲೇ ಅಳೆಯುವ ‘ಬ್ರೇಡನ್ ಮಾಪನ’ವನ್ನು 1987ರಲ್ಲಿ ಪ್ರಕಟಿಸಿದವರು ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್, ಇಬ್ಬರೂ ನರ್ಸುಗಳು. ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಚರ್ಮದ ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಟ್ಟು ಕೂಡಿಸಿದಾಗ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ಅಗತ್ಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳುವುದು ವಾರ್ಡಿನ ನಿತ್ಯದ ಕೆಲಸ.

ಈ ಶುಶ್ರೂಷೆಯಲ್ಲಿ ಕಲಿಸುವ ಕೆಲಸಕ್ಕೆ ಈಗ ಇಷ್ಟು ಮಹತ್ವ ಬಂದಿರುವುದಕ್ಕೆ ಒಂದು ಸ್ಪಷ್ಟ ಕಾರಣವಿದೆ. ಹಿಂದೆ ತೊಡೆಮೂಳೆ ಮುರಿದವರು ಎರಡು ಮೂರು ತಿಂಗಳು ಟ್ರ್ಯಾಕ್ಷನ್‌ನಲ್ಲೇ ಮಲಗಿರುತ್ತಿದ್ದರು. ಆಮೇಲೆ ಮೂಳೆಯೊಳಗೆ ರಾಡ್ ಹಾಕುವ ವಿಧಾನ ಬಂತು. 1962ರಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೀಲು ಬದಲಾಯಿಸುವ ಆಧುನಿಕ ವಿಧಾನವನ್ನು ಗಟ್ಟಿಗೊಳಿಸಿದರು. ಇಂದು ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗುತ್ತದೆ. ತಿಂಗಳುಗಟ್ಟಲೆ ವಾರ್ಡಿನಲ್ಲೇ ಸಿಗುತ್ತಿದ್ದ ಆರೈಕೆ ಈಗ ಮನೆಯವರ ಪಾಲಿಗೆ ಬಂದಿದೆ. ಅವರಿಗೆ ಅದನ್ನು ಕಲಿಸಲು ನರ್ಸಿಗೆ ಸಿಗುವುದು ಮೂರೋ ನಾಲ್ಕೋ ದಿನ.

ಕಲಿಸಬೇಕಾದದ್ದು ಬಹಳಷ್ಟಿದೆ. ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗವಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳನ್ನೇ ಊರಿದರೆ ಕೈಯ ನರ ಜಜ್ಜಿ ಮಣಿಕಟ್ಟು ಜೋತುಬೀಳಬಹುದು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಒಂದೇ ಕೋಲು ಹಿಡಿಯುವವರು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೀನಖಂಡ ಬಾತು ನೋಯತೊಡಗಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು.

ಸೊಂಟದ ಕೀಲು ಬದಲಾಯಿಸಿಕೊಂಡ ಹಲವರಿಗೆ, ಮೊದಲ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬೇಡಿ ಎಂಬ ಸೂಚನೆ ಇರುತ್ತದೆ. ಹಾಗೆಂದು ಚೀಟಿಯಲ್ಲಿ ಬರೆದು ಕೊಟ್ಟರೆ ಹಳ್ಳಿಯ ಅಜ್ಜಿಗೆ ಏನೂ ತಿಳಿಯುವುದಿಲ್ಲ. ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಮಣೆ ಮೇಲೆ ಊಟಕ್ಕೆ ಕೂರಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ ಎಂದರೆ ತಿಳಿಯುತ್ತದೆ. ಒಳ್ಳೆಯ ನರ್ಸ್ ಅಲ್ಲಿಗೂ ನಿಲ್ಲಿಸುವುದಿಲ್ಲ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದೆಯೇ, ಕಮೋಡ್ ಕುರ್ಚಿ ತರಲು ಆಗುತ್ತದೆಯೇ, ಬಚ್ಚಲಿನ ಕಲ್ಲು ಜಾರುತ್ತದೆಯೇ, ಹೊಸ್ತಿಲು ಎತ್ತರವಿದೆಯೇ, ರಾತ್ರಿ ಯಾರು ಜೊತೆಗಿರುತ್ತಾರೆ ಎಂದೆಲ್ಲ ವಿಚಾರಿಸುತ್ತಾರೆ. “ಗೊತ್ತಾಯ್ತಾ?” ಎಂದರೆ ಎಲ್ಲರೂ ಹ್ಞೂಂ ಎನ್ನುತ್ತಾರೆ. ಆದ್ದರಿಂದ “ಈಗ ನೀವೇ ಮಾಡಿ ತೋರಿಸಿ ಅಜ್ಜಿ” ಎನ್ನುವುದು ಪಳಗಿದವರ ಕ್ರಮ.

ನಮ್ಮಲ್ಲಿ ಇಂಥ ಶುಶ್ರೂಷೆಯ ಅಗತ್ಯ ಎಷ್ಟಿದೆ ಎಂಬುದಕ್ಕೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿಅಂಶವೇ ಸಾಕು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರು 4,43,366 ಮಂದಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಹಿರಿಯರ ಲೆಕ್ಕ ಇದರಲ್ಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಅಪಘಾತ ಮತ್ತು ಮೂಳೆ ಚಿಕಿತ್ಸೆಗೇ ಮೀಸಲಾದ ಸರ್ಕಾರಿ ಸ್ವಾಯತ್ತ ಸಂಸ್ಥೆ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಇನ್ನೊಂದೆಡೆ, ಆಂಧ್ರದ ಪುತ್ತೂರಿಗೆ ಹೋಗಿ ನಾಟಿ ಕಟ್ಟು ಹಾಕಿಸಿಕೊಳ್ಳುವವರೂ, ಊರಿನ ನಾಟಿ ವೈದ್ಯರಲ್ಲಿ ಬಿದಿರ ದಬ್ಬೆ ಕಟ್ಟಿಸಿಕೊಳ್ಳುವವರೂ ಇಂದಿಗೂ ಅನೇಕರಿದ್ದಾರೆ. ಬಿಗಿಯಾದ ಕಟ್ಟಿನಿಂದ ಕೈಕಾಲು ಕಪ್ಪಾಗಿ, ಕತ್ತರಿಸಲೇಬೇಕಾದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವವರನ್ನು ಮೂಳೆ ವೈದ್ಯರು ಕಾಣುತ್ತಲೇ ಇದ್ದಾರೆ. ಥಾಮಸ್ ಅವರ ಮನೆತನದಂತೆ ಇಲ್ಲೂ ಕೈಚಳಕದ ಪರಂಪರೆ ಇದೆ. ಆದರೆ ಕಟ್ಟಿದ ಮೇಲೆ ಗಂಟೆಗೊಮ್ಮೆ ಉಗುರು ನೋಡುವ ವ್ಯವಸ್ಥೆ ಇಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತು ಮೂಳೆ ಮತ್ತು ಪುನರ್ವಸತಿ ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ರೂಪಿಸಿದೆ. ಎಂ.ಎಸ್‌ಸಿ. ನರ್ಸಿಂಗ್‌ನಲ್ಲೂ ಇದನ್ನು ವಿಶೇಷ ವಿಷಯವಾಗಿ ಓದಬಹುದು. ಆದರೆ ಹೀಗೆ ಓದಿ ಬಂದವರನ್ನು ಮೂಳೆ ವಾರ್ಡಿನಲ್ಲೇ ಉಳಿಸಿಕೊಳ್ಳಬೇಕು, ಕೆಲವು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ಹಾಕಿದರೆ ಕಲಿತದ್ದು ವ್ಯರ್ಥ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ, ಇತರೆಡೆ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬ ಪರಿಷತ್ತಿನ ಮಾನದಂಡ ಕಾಗದದಲ್ಲಿ ಉಳಿದರೆ, ಕಲಿಸುವುದಿರಲಿ, ಕಾಯುವುದೂ ಆಗದು.

ಮನೆಯವರು ಯಾರಾದರೂ ಮೂಳೆ ವಾರ್ಡಿನಲ್ಲಿದ್ದರೆ, ಡಿಸ್ಚಾರ್ಜ್ ಬಿಲ್ಲು ಕಟ್ಟುವ ಮೊದಲು ಸಿಸ್ಟರ್ ಬಳಿ ಹತ್ತು ನಿಮಿಷ ಕೂತು ಕೇಳಿ: ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ವ್ಯಾಯಾಮ ದಿನಕ್ಕೆ ಎಷ್ಟು ಸಲ, ಗಾಯ ಯಾವಾಗ ನೆನೆಸಬಹುದು, ಮಾತ್ರೆ ಇಂಜೆಕ್ಷನ್ ಎಷ್ಟು ದಿನ, ಏನಾದರೆ ತಕ್ಷಣ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಉತ್ತರಗಳನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ರೋಗಿಯನ್ನು ಮಂಚದಿಂದ ಇಳಿಸುವುದು ಹೇಗೆಂದು ಒಮ್ಮೆ ಅವರೆದುರೇ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಂಡು ಮನೆಗೆ ಹೊರಡಿ.