ಸಂಜೆಯ ಒಂದು ತಾಸು, ಮಗುವಿಗೆ ಓದು

ತಾಂಡೂರು ಪೇಟೆಗೆ ತೊಗರಿ ಹಾಕಿ ಪೆದ್ದೆಮುಲ್‌ಗೆ ಮರಳಿದ ಅಪ್ಪ ತೂಕದ ಚೀಟಿಯನ್ನು ಐದನೇ ಕ್ಲಾಸಿನ ಮಗನ ಕೈಗೆ ಕೊಡುತ್ತಾನೆ ಎನ್ನಿ. ಹುಡುಗ ಅಂಕಿ ಓದುತ್ತಾನೆ, ಅಕ್ಷರಕ್ಕೆ ಬಂದು ತಡವರಿಸುತ್ತಾನೆ. ‘ಇವ್ನ ತಲಿಗೆ ಹತ್ತಂಗಿಲ್ಲ ಬಿಡ್ರಿ’ ಅನ್ನುವುದು ಸುಲಭ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಇರುವ ಗಡಿಯ ಮಗುವಿಗಂತೂ ಈ ಮಾತು ಬೇಗ ಬೀಳುತ್ತದೆ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ 2005-06ರಲ್ಲಿ ಪ್ರಥಮ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಊರಿನ ಓದಿದ ಯುವಕ ಯುವತಿಯರಿಗೇ ಕೆಲವು ದಿನ ತರಬೇತಿ ಕೊಟ್ಟಿತು. ಅವರು ಸಂಬಳವಿಲ್ಲದೆ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು ಕಲಿಸಿದರು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಏನೂ ಬಾರದೆ ಬಂದು ಕೂತ ಮಕ್ಕಳಲ್ಲಿ ಬಹಳಷ್ಟು ಮಂದಿ ಅಕ್ಷರ ಗುರುತಿಸುವಂತಾಗಿದ್ದರು. ಆದರೆ ಬಂದವರು ನೂರಕ್ಕೆ ಸುಮಾರು ಎಂಟೇ ಮಕ್ಕಳು!

ಪ್ರಥಮ್‌ನ ಪದ್ಧತಿ ಸರಳ. ಕ್ಲಾಸು ಕೇಳದೆ, ಮಗುವಿಗೆ ಬರುವಷ್ಟರಿಂದಲೇ ಶುರು: ಅಕ್ಷರ, ಪದ, ಸಾಲು, ಕಥೆ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಒಂದು ಕೂಡಿ ಬಂದರೆ ಇನ್ನೊಂದು ದೂರವಿಲ್ಲ. ಓದಿಸುವವರು ಊರಲ್ಲೇ ಸಿಕ್ಕಾರು. ಸಂಜೆ ಒಂದು ತಾಸು ಮಗುವನ್ನು ಕಳಿಸುವ ಕೆಲಸ ಮಾತ್ರ ನಮ್ಮದೇ.